ಕಣ್ಣಳತೆ, ರೆಡಿ ಪ್ರೊಫೈಲ್, ಸ್ವಂತ ಪ್ರೊಫೈಲ್: ದೊಡ್ಡ ಪ್ರಿಂಟಿಗೆ ಯಾವುದು?

ಒಂದೇ ಇಕೋ-ಸಾಲ್ವೆಂಟ್ ಮೆಶಿನ್, ಒಂದೇ ವಿನೈಲ್ ರೋಲ್, ಒಂದೇ ಫೈಲ್. ಫೈಲಿನಲ್ಲಿ ಇರುವುದು ಮೂರೇ: ಮುಖದ ಒಂದು ಫೋಟೊ, ಒಂದು ಬೂದು ಪಟ್ಟಿ, ಲೋಗೊದ ಒಂದು ಕಿತ್ತಳೆ. ಬಣ್ಣ ಸರಿಯಾಗಿ ಬರಲು ಇರುವ ನಾಲ್ಕು ದಾರಿಗಳಲ್ಲೂ ಮುದ್ರಿಸಿ ಪಕ್ಕಪಕ್ಕ ಇಟ್ಟರೆ ಯಾವ ದಾರಿ ಎಲ್ಲಿ ಕೈಕೊಡುತ್ತದೆ ಅಂತ ಕಾಣುತ್ತದೆ.

ಮೊದಲು ಕಣ್ಣಳತೆ, ಅಂದರೆ ಫೈಲಿನ ಕರ್ವ್ (ಬಣ್ಣ ಏರಿಸಿ ಇಳಿಸುವ ಗೆರೆ) ಎಳೆದು ಬಣ್ಣ ಸರಿಮಾಡುವುದು. ಮುಖ ಕೆಂಪಾಯಿತೆಂದು ಮಜೆಂಟಾ (ಗುಲಾಬಿಗೆಂಪು ಇಂಕ್) ಐದು ಅಂಶ ಇಳಿಸಿದರೆ ಮುಖವೇನೋ ಸರಿಹೋಗುತ್ತದೆ, ಆದರೆ ಪಕ್ಕದ ಬೂದು ಪಟ್ಟಿ ಹಸಿರಿಗೆ ತಿರುಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಆ ಫೈಲ್ ಇನ್ನು ಆ ಒಂದೇ ಮೆಶಿನ್‌ಗೆ ಕಟ್ಟುಬಿದ್ದಂತೆ. ರೋಲ್ ಬದಲಾದರೆ ಮತ್ತೆ ಮೊದಲಿಂದ. ಈ ದಾರಿಗೆ ಒಂದೇ ಒಂದು ಸರಿಯಾದ ಜಾಗ ಇದೆ, ಅದನ್ನು ಕೊನೆಗೆ ಹೇಳುತ್ತೇವೆ.

ಎರಡನೆಯದು ಇಂಕ್, ಮೀಡಿಯಾ (ಮುದ್ರಿಸುವ ವಿನೈಲ್, ಬಟ್ಟೆ ಇತ್ಯಾದಿ) ಅಥವಾ ರಿಪ್ (ಫೈಲನ್ನು ಮೆಶಿನ್‌ನ ಇಂಕ್ ಚುಕ್ಕೆಗಳಾಗಿ ಬದಲಿಸುವ ಸಾಫ್ಟ್‌ವೇರ್) ತಯಾರಕರು ಕೊಡುವ ರೆಡಿ ಪ್ರೊಫೈಲ್. ಪ್ರೊಫೈಲ್ ಅಂದರೆ ಯಾವ ಬಣ್ಣಕ್ಕೆ ಯಾವ ಇಂಕ್ ಎಷ್ಟು ಎಂದು ಹೇಳುವ ಫೈಲ್. ಕೆಟ್ಟದ್ದೇನಲ್ಲ. ಆದರೆ ಅದು ನಿಜವಾಗುವುದು ಅದೇ ಇಂಕ್, ಅದೇ ಮೀಡಿಯಾ, ಅದೇ ರೆಸಲ್ಯೂಶನ್, ಅದೇ ಪಾಸ್ (ಒಂದೇ ಜಾಗದ ಮೇಲೆ ಹೆಡ್ ಓಡುವ ಸಲ), ಅದೇ ಹೀಟರ್ ಶಾಖಕ್ಕೆ ಮಾತ್ರ. 8 ಪಾಸ್‌ಗೆ ಮಾಡಿದ್ದನ್ನು ಅವಸರಕ್ಕೆ 4 ಪಾಸ್‌ನಲ್ಲಿ ಓಡಿಸಿ, ಆಮೇಲೆ ಪ್ರೊಫೈಲನ್ನು ಬೈಯುವವರೇ ಹೆಚ್ಚು. ಪರೀಕ್ಷೆ ಸುಲಭ: ಇನ್‌ಪುಟ್ ಪ್ರೊಫೈಲ್ ಫೋಗ್ರಾ39 (ಆಫ್‌ಸೆಟ್ ಮುದ್ರಣದ ಪ್ರಮಾಣಿತ ಬಣ್ಣ) ಇಟ್ಟು, ಸಯಾನ್ (ಹಸಿರುನೀಲಿ ಇಂಕ್) 50, ಮಜೆಂಟಾ 40, ಹಳದಿ 40ರ ಒಂದು ಚೌಕ ಮುದ್ರಿಸಿ, ಡಿ50 (ಹಗಲಿನಂಥ ಪ್ರಮಾಣಿತ) ಬೆಳಕಿನಲ್ಲಿ ನೋಡಿ. ಬೂದಾಗಿಯೇ ಕಾಣಬೇಕು. ಕೆಂಪೋ ಹಸಿರೋ ಎದ್ದು ಕಂಡರೆ ಪ್ರೊಫೈಲಿಗೂ ಮೆಶಿನ್‌ಗೂ ಹೊಂದಿಲ್ಲ, ಇಲ್ಲವೇ ಡಿಸೈನ್ ಸಾಫ್ಟ್‌ವೇರ್ ಒಮ್ಮೆ, ರಿಪ್ ಇನ್ನೊಮ್ಮೆ ಬಣ್ಣ ಪರಿವರ್ತಿಸುತ್ತಿವೆ. ಹೀಗೆ ಎರಡು ಸಲ ಪರಿವರ್ತನೆ ಆಗುತ್ತಿದೆಯೇ ಎಂದು ಮೊದಲು ನೋಡಿ, ಅದಕ್ಕೆ ಖರ್ಚಿಲ್ಲ.

ಮೂರನೆಯದನ್ನು ಹೆಚ್ಚಿನವರು ಮರೆತೇಬಿಡುತ್ತಾರೆ: ರೆಡಿ ಪ್ರೊಫೈಲನ್ನೇ ಇಟ್ಟುಕೊಂಡು ಲೀನಿಯರೈಸೇಶನ್ ಮಾತ್ರ ಹೊಸದಾಗಿ ಮಾಡುವುದು, ಅಂದರೆ ಒಂದೊಂದು ಇಂಕೂ ತಿಳಿಯಿಂದ ಗಾಢಕ್ಕೆ ಸಮನಾಗಿ ಏರುವಂತೆ ಹೊಂದಿಸುವುದು. ರಿಪ್‌ನಿಂದ ನಾಲ್ಕೂ ಇಂಕಿನ ಪಟ್ಟಿ ಮುದ್ರಿಸಿ, ಒಣಗಿಸಿ, ಸ್ಪೆಕ್ಟ್ರೋ ಎಂಬ ಬಣ್ಣ ಅಳೆಯುವ ಉಪಕರಣದಲ್ಲಿ ಓದಿಸಿದರೆ ಕೆಲಸ ಮುಗಿಯಿತು. ಹೆಡ್ ಹಳತಾಗಿ ಬಣ್ಣ ಸರಿದಿದ್ದರೆ ಇಷ್ಟೇ ಸಾಕು, ಬೂದು ಮತ್ತೆ ಬೂದಾಗುತ್ತದೆ. ಆದರೆ ಇದು ತಿದ್ದುವುದು ಒಂದೊಂದು ಇಂಕಿನ ಏರಿಳಿತವನ್ನು ಮಾತ್ರ. ಎರಡು ಮೂರು ಇಂಕ್ ಒಂದರ ಮೇಲೊಂದು ಬಿದ್ದಾಗ ಏನಾಗುತ್ತದೆ ಎನ್ನುವುದು ಅದರ ಲೆಕ್ಕಕ್ಕೆ ಬರುವುದಿಲ್ಲ. ಇಂಕ್ ಕಂಪನಿಯನ್ನೇ ಬದಲಿಸಿದ್ದರೆ ಇದರಿಂದ ಪ್ರಯೋಜನವಿಲ್ಲ.

ನಾಲ್ಕನೆಯದು ಸ್ವಂತ ಪ್ರೊಫೈಲ್, ಅಂದರೆ ಬಣ್ಣಚೌಕಗಳ ಚಾರ್ಟ್ ಮುದ್ರಿಸಿ, ಅಳೆದು ನಾವೇ ಪ್ರೊಫೈಲ್ ಮಾಡುವುದು. ಇದರಲ್ಲಿ ಸೋಲುವುದು ಚಾರ್ಟ್ ಓದುವಾಗ ಅಲ್ಲ, ಅದಕ್ಕೂ ಮೊದಲು. ನಾಝಲ್ ಚೆಕ್, ಹೆಡ್ ಅಲೈನ್‌ಮೆಂಟ್, ಫೀಡ್ ಸರಿಯಿಲ್ಲದೆ ಮುಂದೆ ಹೋದರೆ ಬ್ಯಾಂಡಿಂಗ್ (ಪ್ರಿಂಟಿನ ಅಡ್ಡಗೆರೆಗಳು) ಕೂಡ ಅಳತೆಯೊಳಗೆ ಸೇರಿಕೊಳ್ಳುತ್ತದೆ. ಆಮೇಲೆ ಒಂದೊಂದು ಇಂಕಿನ ಲಿಮಿಟ್. ಮಜೆಂಟಾ ಪಟ್ಟಿಯನ್ನು ಹತ್ತಿರದಿಂದ ನೋಡಿ: ಒಂದು ಹಂತದ ನಂತರ ಚೌಕಗಳು ಗಾಢವಾಗುತ್ತವೆ, ಆದರೆ ಬಣ್ಣದ ತೀವ್ರತೆ ಏರುವುದಿಲ್ಲ, ಬಣ್ಣ ಕೆಂಪಿನ ಕಡೆ ಬಾಗುತ್ತದೆ. ಅಲ್ಲಿಗೇ ನಿಲ್ಲಿಸಬೇಕು. ಅದರಾಚೆ ಸುರಿದ ಇಂಕ್ ಒಣಗಲು ಸಮಯ ತಿನ್ನುತ್ತದೆ ಅಷ್ಟೆ. ನಂತರ ಲೀನಿಯರೈಸೇಶನ್, ಅದಾದ ಮೇಲೆ ಒಟ್ಟು ಇಂಕ್ ಲಿಮಿಟ್, ಅಂದರೆ ಒಂದೇ ಜಾಗದಲ್ಲಿ ನಾಲ್ಕೂ ಇಂಕ್ ಸೇರಿ ಎಷ್ಟು ಬೀಳಬಹುದು ಎಂಬುದು. 200ರಿಂದ 400 ಶೇಕಡಾವರೆಗೆ 20ರ ಅಂತರದಲ್ಲಿ ಚೌಕಗಳನ್ನು ಮುದ್ರಿಸಿ, ಒಳಗೆ ಸಣ್ಣ ಬಿಳಿ ಅಕ್ಷರ ಇಡಿ. ಅಕ್ಷರದ ಹೊಟ್ಟೆ ತುಂಬಿಕೊಳ್ಳಲು ಶುರುವಾದ ಚೌಕದ ಹಿಂದಿನದೇ ನಿಮ್ಮ ಮಿತಿ.

ಇಷ್ಟಾದ ಮೇಲೆ ಚಾರ್ಟ್. ಐಟಿ8.7/4 ಎಂಬ ಚಾರ್ಟಿನಲ್ಲಿ 1617 ಪ್ಯಾಚ್ (ಬಣ್ಣಚೌಕ), ಇಸಿಐ2002 ಎಂಬುದರಲ್ಲಿ 1485. ಸಾಲ್ವೆಂಟ್ ಪ್ರಿಂಟನ್ನು ಬಿಸಿಬಿಸಿಯಾಗಿ ಓದಿಸಬೇಡಿ. ಸುತ್ತದೆ ಹರಡಿ ಒಂದು ರಾತ್ರಿ ಬಿಡಿ. ವಿನೈಲಿನಲ್ಲಿ ಬ್ರೈಟ್‌ನರ್ (ಬಿಳುಪು ಹೆಚ್ಚಿಸುವ ರಾಸಾಯನಿಕ) ಜಾಸ್ತಿ ಇದ್ದರೆ ಉಪಕರಣಕ್ಕೆ ಬಿಳಿ ನೀಲಿಯಾಗಿ ಕಾಣುತ್ತದೆ, ಅದನ್ನು ಸರಿದೂಗಿಸಲು ಪ್ರೊಫೈಲ್ ತಿಳಿಬಣ್ಣಗಳಿಗೆ ಹಳದಿ ಸುರಿಯಬಹುದು. ಹಾಗಾದರೆ ನೇರಳಾತೀತವನ್ನು ಹೊರಗಿಡುವ ಎಂ2 ಅಳತೆಯಲ್ಲಿ ಓದಿಸಿ ನೋಡಿ. ಬ್ಯಾಕ್‌ಲಿಟ್ (ಹಿಂದಿನಿಂದ ದೀಪ ಹಾಕುವ) ಮೀಡಿಯಾವನ್ನು ಪ್ರತಿಫಲನದಲ್ಲಿ ಅಳೆದರೆ ಅರ್ಥವಿಲ್ಲ, ಬೆಳಕು ಹಾಯಿಸಿಯೇ ಅಳೆಯಬೇಕು. ಜಾಲರಿ ಬಟ್ಟೆಯಲ್ಲಿ ಸಣ್ಣ ಪ್ಯಾಚ್ ಇಟ್ಟರೆ ಉಪಕರಣ ತೂತನ್ನೇ ಓದುತ್ತದೆ. ದೊಡ್ಡ ಪ್ಯಾಚ್, ಹಲವು ಓದಿನ ಸರಾಸರಿ ಬೇಕು.

ಪಕ್ಕಪಕ್ಕ ಇಟ್ಟಾಗ ಬೂದು ಪಟ್ಟಿಯಲ್ಲಿ ಮೂರನೆಯದಕ್ಕೂ ನಾಲ್ಕನೆಯದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಮುಖದ ನೆರಳು, ಕಪ್ಪುಗೂದಲು, ಗಾಢ ಕಂದು ಇರುವಲ್ಲಿ ಸ್ವಂತ ಪ್ರೊಫೈಲ್ ಸ್ಪಷ್ಟವಾಗಿ ಗೆಲ್ಲುತ್ತದೆ. ಬ್ಯಾನರ್ ಕೆಲಸಕ್ಕೆ ಮೂರನೆಯದು ಧಾರಾಳ ಸಾಕು. ಫೋಟೊ, ಒಳಾಂಗಣ ಪ್ಯಾನೆಲ್ ಇದ್ದರೆ ನಾಲ್ಕನೆಯದರ ಶ್ರಮ ವ್ಯರ್ಥವಲ್ಲ.

ಕಿತ್ತಳೆ ಮಾತ್ರ ನಾಲ್ಕರಲ್ಲೂ ಮಂಕು. ಪ್ಯಾಂಟೋನ್ ಬಣ್ಣಪಟ್ಟಿಯ ಆರೆಂಜ್ 021ರಂಥ ಬಣ್ಣ ನಾಲ್ಕು ಇಂಕಿನ ವ್ಯಾಪ್ತಿಯಲ್ಲೇ ಇಲ್ಲ. ಅದಕ್ಕೆ ಕಿತ್ತಳೆ ಇಂಕೇ ಇರುವ ಮೆಶಿನ್ ಬೇಕು. ಕಣ್ಣಳತೆಗೆ ಜಾಗ ಇಲ್ಲಿಯೇ: ರಿಪ್‌ನ ಸ್ಪಾಟ್ ಕಲರ್ (ಹೆಸರಿಟ್ಟ ಬಿಡಿ ಬಣ್ಣ) ಪಟ್ಟಿಯಲ್ಲಿ ಆ ಬಣ್ಣದ ಲ್ಯಾಬ್ ಮೌಲ್ಯದ (ಬಣ್ಣವನ್ನು ಹೇಳುವ ಮೂರು ಸಂಖ್ಯೆಗಳ) ಸುತ್ತ ಚೂರುಚೂರು ಬದಲಿಸಿದ ಚೌಕಗಳನ್ನು ಮುದ್ರಿಸಿ, ಒಣಗಿದ ಮೇಲೆ ಹತ್ತಿರದ್ದನ್ನು ಆರಿಸಿ, ಗ್ರಾಹಕರಿಂದ ಆ ಚೌಕದ ಮೇಲೆಯೇ ಸಹಿ ಹಾಕಿಸಿಕೊಳ್ಳಿ.