ಕೆಂಚಿಯ ಹಸಿ ಮಾಂಸ: ಕಪ್ಪು ಕವರ್, ಫ್ರೋಜನ್ ಪ್ಯಾಕೆಟ್, ಸ್ಟೀಲ್ ಡಬ್ಬಿ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ನಾಯಿ ಕೆಂಚಿಗೆ ಹಸಿ ಮಾಂಸ ಹಾಕುವ ಈ ಮೂರು ದಾರಿಗಳಲ್ಲಿ ನನ್ನ ಓಟು ಸ್ಟೀಲ್ ಡಬ್ಬಿಗೆ. ವಾರಕ್ಕೊಮ್ಮೆ ಕೋಳಿ ತಂದು, ಹೊತ್ತು ಹೊತ್ತಿಗೆ ಪಾಲು ಮಾಡಿ, ಪುಟ್ಟ ಸ್ಟೀಲ್ ಡಬ್ಬಿಗಳಲ್ಲಿ ತುಂಬಿ ಫ್ರೀಜರ್‌ಗೆ ಇಡುವುದು. ಅದಕ್ಕೂ ಮುಂಚೆ ದಿನಾ ಕೋಳಿ ಅಂಗಡಿಯಿಂದ ಕಪ್ಪು ಕವರ್‌ನಲ್ಲಿ ತಾಜಾ ತರುತ್ತಿದ್ದೆ. ಆಮೇಲೆ ಕೊರಿಯರ್‌ನಲ್ಲಿ ಬರುವ ಫ್ರೋಜನ್ ಪ್ಯಾಕೆಟ್ ತರಿಸಿದೆ. ಎರಡೂ ನಮ್ಮ ಮನೆಗೆ ಒಗ್ಗಲಿಲ್ಲ. ರುಚಿ, ಪ್ರೋಟೀನ್ ಎಲ್ಲ ಅದಕ್ಕೆ ಕಾರಣ ಅಲ್ಲ. ನಮ್ಮ ಕೆಂಚಿ ಮೂರನ್ನೂ ಅಷ್ಟೇ ಆಸೆಯಿಂದ ತಿಂದಳು. ನಾನು ನೋಡುವುದು ಬೇರೆ: ಅಂಗಡಿಯಿಂದ ಅವಳ ಬಟ್ಟಲಿಗೆ ಬರುವಷ್ಟರಲ್ಲಿ ಆ ಹಸಿ ಮಾಂಸ ನಮ್ಮ ಮನೆಯಲ್ಲಿ ಏನೇನಕ್ಕೆ ತಾಗುತ್ತದೆ? ಎಷ್ಟು ಸಲ ತಾಗುತ್ತದೆ?

ಕೆಂಚಿ ನಾಟಿ ನಾಯಿ, 18 ಕೆಜಿ ಇದ್ದಾಳೆ. ಬೆಳೆದ ನಾಯಿಗೆ ದಿನಕ್ಕೆ ಅದರ ತೂಕದ ಶೇ. 2ರಿಂದ 3ರಷ್ಟು ಅನ್ನುವುದು ಹಸಿ ಮಾಂಸ ಹಾಕುವವರ ಲೆಕ್ಕ. ಅವಳಿಗೆ ಸುಮಾರು 400 ಗ್ರಾಂ ಆಯಿತು, ಎರಡು ಹೊತ್ತಿಗೆ ಸೇರಿ. ನಮ್ಮ ಮನೆ ಮೈಸೂರಿನ ಸರಸ್ವತಿಪುರಂನಲ್ಲಿ. ಅತ್ತೆ ಮಂಡ್ಯ ಕಡೆಯವರು. ಮಾಂಸ ತಿನ್ನುವ ಮನೆಯೇ, ಆದರೆ ಸೋಮವಾರ, ಶನಿವಾರ ಅದು ಅಡುಗೆಮನೆಯೊಳಗೆ ಬರುವ ಹಾಗಿಲ್ಲ. ಶ್ರಾವಣ ಬಂದರಂತೂ ಕೇಳಲೇಬೇಡಿ. "ನಾಯಿಗೇನು ಗೊತ್ತು ಸೋಮವಾರ? ಯುಟಿಲಿಟೀಲಿ ಇಟ್ಕೊಳಮ್ಮ" ಅಂತ ಅವರೇ ಹಳೇ ಫ್ರಿಜ್ಜನ್ನು ಹಿಂದಕ್ಕೆ ಸಾಗಿಸಿದರು. ನನಗೆ ಅದೇ ಅನುಕೂಲ ಆಯಿತು. ನಾಯಿಯ ಹಸಿ ಮಾಂಸಕ್ಕೆ ಬೇರೆ ಜಾಗ, ಬೇರೆ ಚಾಕು, ಬೇರೆ ಸಿಂಕು ಇರಲಿ ಅಂತ ತಿಳಿದವರೂ ಹೇಳುವುದು ಅದನ್ನೇ ಅಲ್ವಾ.

ಹಸಿ ಹಾಕಬೇಕೋ ಬೇಡವೋ ಅನ್ನುವ ಜಗಳಕ್ಕೆ ಇಲ್ಲಿ ಇಳಿಯುವುದಿಲ್ಲ. ಅಮೆರಿಕದ ಪಶುವೈದ್ಯರ ಸಂಘ 2012ರಲ್ಲೇ ಬೇಡ ಅಂದಿದೆ. ನಮ್ಮ ಡಾಕ್ಟರೂ ಬೇಯಿಸಿಯೇ ಹಾಕಿ ಅಂದರು. ಸಾಲ್ಮೊನೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್, ಲಿಸ್ಟೀರಿಯಾ ಈ ರೋಗಾಣುಗಳೆಲ್ಲ ಹಸಿ ಮಾಂಸದಲ್ಲಿ ಇರಬಹುದು. ನಾಯಿಯ ಹೊಟ್ಟೆ ತಡೆದುಕೊಳ್ಳಬಹುದು, ಆದರೆ ನೋಡಲು ಗಟ್ಟಿಮುಟ್ಟಾಗಿರುವ ನಾಯಿಯ ಮಲದಲ್ಲೂ ಸಾಲ್ಮೊನೆಲ್ಲಾ ಹೊರಗೆ ಬರುತ್ತಿರಬಹುದು. ಅದೇ ನಾಯಿ ಮುಖ ನೆಕ್ಕುತ್ತದೆ. ಇಷ್ಟು ಗೊತ್ತಿದ್ದೂ ಹಸಿ ಹಾಕುವವರಿಗೆ ಮಾತ್ರ ಈ ಹೋಲಿಕೆ.

ಮೊದಲು ಕಪ್ಪು ಕವರ್. ಕಣ್ಣೆದುರೇ ಕೊಯ್ದು ಕೊಡುತ್ತಾರೆ, ಅದಕ್ಕಿಂತ ಫ್ರೆಶ್ ಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಫ್ರೆಶ್ ಅನ್ನುವುದು ನಿಜ. ಆದರೆ ಈ ರೋಗಾಣುಗಳು ಮಾಂಸ ಹಳಸಿದ ಮೇಲೆ ಹುಟ್ಟುವಂಥವಲ್ಲ. ಸಾಲ್ಮೊನೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್ ಎರಡೂ ಬದುಕಿರುವ ಕೋಳಿಯ ಕರುಳಲ್ಲೇ ಇರುತ್ತವೆ. ಕರುಳು ತೆಗೆಯುವಾಗ ಮಾಂಸಕ್ಕೆ ಹತ್ತಿಕೊಳ್ಳುತ್ತವೆ. ಹಿಂದಿನ ಗಿರಾಕಿಯ ಕೋಳಿ ಕತ್ತರಿಸಿದ ಮರದ ದಿಮ್ಮಿಯೂ ಅದೇ, ಕತ್ತಿಯೂ ಅದೇ. ಆಮೇಲೆ ಆ ತೆಳು ಕವರ್ ಸ್ಕೂಟರ್ ಡಿಕ್ಕಿಯಲ್ಲಿ ಸೋರುತ್ತದೆ. ಮೈಸೂರು ತಂಪು ಊರು ಅನ್ನುವ ಮಾತು ಏಪ್ರಿಲ್‌ನಲ್ಲಿ ನಡೆಯುವುದಿಲ್ಲ. ಹಸಿ ಮಾಂಸ ಹೊರಗಡೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು. ಬಿಸಿಲು 32 ಡಿಗ್ರಿ ದಾಟಿದರೆ ಒಂದೇ ಗಂಟೆ. ದಾರಿಯಲ್ಲಿ ತರಕಾರಿ ತಗೊಂಡು, ಯಾರ ಜೊತೆಗೋ ನಿಂತು ಮಾತಾಡಿ ಬರುವವರು ಯೋಚಿಸಿ.

ದಿನಾ ತಂದರೆ ದಿನಾ ತೊಳೆಯುವ ಕೆಲಸವೂ ಇದೆ. ಅತ್ತೆಗೆ ಕೋಳಿ ಮನೆಗೆ ಬಂದ ತಕ್ಷಣ ಅರಿಶಿನ, ಉಪ್ಪು ಹಾಕಿ ನಾಲ್ಕು ನೀರಿನಲ್ಲಿ ತೊಳೆಯಲೇಬೇಕು. ನಾವು ತಿನ್ನುವ ಸಾರಿಗೆ ಹೇಗೋ ನಡೆಯುತ್ತದೆ, ಕೊನೆಗೆ ಒಲೆ ಮೇಲೆ ಬೇಯುತ್ತದಲ್ಲ. ಒಳಗಿನ ಶಾಖ 74 ಡಿಗ್ರಿ ಮುಟ್ಟಿದರೆ ಇವೆಲ್ಲ ಸಾಯುತ್ತವೆ. ಕೆಂಚಿಯ ಪಾಲಿಗೆ ಬೆಂಕಿಯೇ ಇಲ್ಲ. ತೊಳೆದರೆ ರೋಗಾಣು ಹೋಗುವುದೂ ಇಲ್ಲ. ನಲ್ಲಿ ನೀರು ಮಾಂಸಕ್ಕೆ ಬಡಿದು ಸಿಂಕಿನ ಸುತ್ತ, ಪಕ್ಕದಲ್ಲಿ ಒಣಗಲು ಇಟ್ಟ ಲೋಟದ ಮೇಲೆ, ನಮ್ಮ ನೈಟಿ ಮೇಲೆ ಸಿಡಿಯುತ್ತದೆ, ಅಷ್ಟೇ. ನಾಯಿಯ ಮಾಂಸ ತೊಳೆಯಬೇಡಿ ಅಂತ ಅತ್ತೆಯನ್ನು ಒಪ್ಪಿಸಲು ನನಗೆ ಬಹಳ ದಿನ ಹಿಡಿಯಿತು. ಈಗಲೂ ಪೂರ್ತಿ ಒಪ್ಪಿಲ್ಲ, ನೋಡದೆ ಸುಮ್ಮನಿರುತ್ತಾರೆ.

ಕುರಿ ವಿಷಯ ಬೇರೆ. ಬನ್ನೂರು ಕುರಿಯ ಸೀಮೆ ನಮ್ಮದು, ಮಾಂಸಕ್ಕೆ ಕೊರತೆ ಇಲ್ಲ. ಆದರೆ ಹಸಿ ಶ್ವಾಸಕೋಶ, ಹಸಿ ಲಿವರ್ ನಾಯಿಗೆ ಹಾಕಲೇಬೇಡಿ. ಕುರಿಯ ಆ ಭಾಗಗಳಲ್ಲಿ ಒಂದು ಲಾಡಿಹುಳುವಿನ ನೀರುಗುಳ್ಳೆಗಳು ಇರಬಹುದು. ನಾಯಿ ಅದನ್ನು ತಿಂದರೆ ಅದರ ಕರುಳಲ್ಲಿ ಹುಳು ಬೆಳೆಯುತ್ತದೆ. ಮೊಟ್ಟೆಗಳು ಮಲದಲ್ಲಿ ಹೊರಬರುತ್ತವೆ. ಅವು ನಮ್ಮ ಹೊಟ್ಟೆ ಸೇರಿದರೆ ನಮ್ಮ ಲಿವರ್‌ನಲ್ಲೂ ಅಂಥದ್ದೇ ಗುಳ್ಳೆ. ಹೈಡಾಟಿಡ್ ಕಾಯಿಲೆ ಅಂತ ಇದಕ್ಕೆ ಹೆಸರು. ಹಳ್ಳಿಗಳಲ್ಲಿ ಮಾರಿಹಬ್ಬಕ್ಕೆ ಕುರಿ ಕಡಿದು ಬೇಡದ್ದನ್ನು ನಾಯಿಗೆ ಎಸೆಯುವ ರೂಢಿ ಈ ಹುಳುವಿಗೆ ಹೇಳಿ ಮಾಡಿಸಿದ ದಾರಿ. ಬೇಯಿಸಿ ಹಾಕಿದರೆ ತೊಂದರೆ ಇಲ್ಲ.

ಈಗ ಫ್ರೋಜನ್ ಪ್ಯಾಕೆಟ್. ಬರುವಾಗ ಬಹಳ ಅಚ್ಚುಕಟ್ಟು. ಥರ್ಮಾಕೋಲ್ ಡಬ್ಬ, ಜೆಲ್ ಪ್ಯಾಕ್, ಒಳಗೆ 500 ಗ್ರಾಂನ ಪ್ಯಾಕೆಟ್‌ಗಳು. ಮಾಂಸ, ಮೂಳೆ, ಲಿವರ್ ಎಲ್ಲ ಸೇರಿಸಿ ರುಬ್ಬಿರುತ್ತಾರೆ. ಲೆಕ್ಕ ಹಾಕುವ ತಲೆನೋವಿಲ್ಲ. ಇದನ್ನು ನಾನು ಒಪ್ಪುತ್ತೇನೆ. ಬರೀ ಮೂಳೆ ಇಲ್ಲದ ಮಾಂಸ ಹಾಕುತ್ತಾ ಹೋದರೆ ನಾಯಿಗೆ ಕ್ಯಾಲ್ಸಿಯಂ ಸಾಲುವುದಿಲ್ಲ. ಲಿವರ್ ಜಾಸ್ತಿಯಾದರೆ ವಿಟಮಿನ್ ಎ ವಿಪರೀತ ಆಗುತ್ತದೆ. ಆ ಅಳತೆ ಅವರು ನೋಡಿಕೊಂಡಿರುತ್ತಾರೆ.

ನನ್ನ ತಕರಾರು ಕತ್ತರಿಯದು.

ಪ್ಯಾಕೆಟ್ ದಪ್ಪ ಪ್ಲಾಸ್ಟಿಕ್. ಹರಿದು ತೆಗೆಯಲು ಕಚ್ಚು ಕೊಟ್ಟಿದ್ದಾರೆ, ಆದರೆ ಫ್ರಿಜ್ಜಿನಿಂದ ತೆಗೆದ ಒದ್ದೆ ಪ್ಯಾಕೆಟ್ ಅಲ್ಲಿ ಹರಿಯುವುದಿಲ್ಲ, ಬೆರಳು ಜಾರುತ್ತದೆ. ಕತ್ತರಿ ಬೇಕೇ ಬೇಕು. ನಮ್ಮ ಮನೆಯಲ್ಲಿ ಕೈಗೆ ಸಿಗುವ ಕತ್ತರಿ ಒಂದೇ, ಅಡುಗೆಮನೆಯ ಮೊಳೆಗೆ ನೇತಾಡುವುದು. ಬೆಳಗ್ಗೆ ಆರು ಗಂಟೆಗೆ ನಂದಿನಿ ಹಾಲಿನ ಪ್ಯಾಕೆಟ್ ಕತ್ತರಿಸುವುದು ಅದರಲ್ಲೇ. ಕೆಂಚಿಯ ಊಟ ಆರೂವರೆಗೆ. ನಮ್ಮ ಯಜಮಾನರಿಗೆ ಆ ಎರಡು ಪ್ಯಾಕೆಟ್‌ಗಳ ನಡುವೆ ವ್ಯತ್ಯಾಸ ಕಾಣುವುದಿಲ್ಲ. ಅತ್ತೆ ಕಂಡುಹಿಡಿದರು. ಮೊಳೆಗೆ ನೇತಾಡುತ್ತಿದ್ದ ಕತ್ತರಿಯ ಎರಡು ಅಲಗು ಸೇರುವ ಜಾಗದಲ್ಲಿ, ಆ ಸ್ಕ್ರೂ ಇರುವ ಕಡೆ, ಕೆಂಪಗೆ ಏನೋ ಒಣಗಿಕೊಂಡಿತ್ತು.

ಬೇರೆ ಕತ್ತರಿ ತಂದು ಯುಟಿಲಿಟಿಯಲ್ಲಿ ನೇತುಹಾಕಿದೆ. ಒಂದು ವಾರ ಅಲ್ಲೇ ಇತ್ತು. ಆಮೇಲೆ ಯಾರಿಗೋ ಪಾರ್ಸೆಲ್ ಬಿಚ್ಚಲು ಬೇಕಾಯಿತು, ಅದು ಹಾಲ್‌ಗೆ ಹೋಯಿತು. ಪೇಪರ್ ಕತ್ತರಿಸಲು ಮಗಳ ರೂಮಿಗೆ ಹೋಯಿತು. ಮನೆಯಲ್ಲಿ ಕತ್ತರಿ ಅನ್ನುವುದು ಒಂದು ಜಾಗದಲ್ಲಿ ನಿಲ್ಲುವ ವಸ್ತು ಅಲ್ಲ. ಹಿಡಿಗೆ ಕೆಂಪು ಟೇಪ್ ಸುತ್ತಿದೆ. ಕೆಂಪು ಟೇಪ್ ಸುತ್ತಿದ ಕತ್ತರಿ ಹಾಲ್‌ನಲ್ಲಿ ಸಿಕ್ಕಿತು.

ಕತ್ತರಿಸಿದ ಮೇಲೂ ಮುಗಿಯುವುದಿಲ್ಲ. ರುಬ್ಬಿದ ಮಾಂಸ ಮೂಲೆಗಳಲ್ಲಿ ಅಂಟಿಕೊಳ್ಳುತ್ತದೆ. ಕೊನೆಗೆ ಉಳಿದ ಟೂತ್‌ಪೇಸ್ಟ್ ಹಿಂಡುವ ಹಾಗೆ ಹಿಂಡಬೇಕು, ಅದು ಕೈಮೇಲೇ ಬರುತ್ತದೆ. ಕೆಂಚಿಗೆ ಒಂದು ಹೊತ್ತಿಗೆ 200 ಗ್ರಾಂ ಸಾಕು. ಉಳಿದ 300 ಗ್ರಾಂ ಬಾಯಿ ತೆರೆದ ಪ್ಯಾಕೆಟ್‌ನಲ್ಲೇ ಇರುತ್ತದೆ. ಅದಕ್ಕೆ ರಬ್ಬರ್ ಬ್ಯಾಂಡ್ ಹಾಕಿ, ತಟ್ಟೆ ಮೇಲೆ ನಿಲ್ಲಿಸಿ ಫ್ರಿಜ್ಜಿಗೆ ಇಡಬೇಕು. ಅದು ನಿಲ್ಲುವುದಿಲ್ಲ, ಮಲಗುತ್ತದೆ. ಮಲಗಿದ ಮೇಲೆ ಗುಲಾಬಿ ನೀರು ಬಿಡುತ್ತದೆ. ರುಬ್ಬಿದ ಮಾಂಸ ಕರಗಿದ ಮೇಲೆ ಫ್ರಿಜ್ಜಿನಲ್ಲೂ ಒಂದೆರಡು ದಿನಕ್ಕಿಂತ ಇಡುವಂತಿಲ್ಲ. ಹೀಗಾಗಿ ಒಂದು ಪ್ಯಾಕೆಟ್‌ಗೆ ಕತ್ತರಿ ಒಂದು ಸಲ, ಕೈ ಮೂರು ಸಲ, ಫ್ರಿಜ್ ಒರೆಸುವ ಬಟ್ಟೆ ಒಂದು ಸಲ. ಅಷ್ಟು ಚೆಂದದ ಪ್ಯಾಕಿಂಗ್ ಮಾಡಿದವರು ಇದನ್ನು ಮನೆಯಲ್ಲಿ ಬಿಚ್ಚಿ ನೋಡಿಲ್ಲ ಅಂತ ನನ್ನ ಅನುಮಾನ.

ಪ್ಯಾಕೆಟ್ ಬಗ್ಗೆ ಇನ್ನೊಂದು ಮಾತು. ಫ್ರೀಜ್ ಮಾಡಿದ್ದು, ಆದ್ದರಿಂದ ಸೇಫ್ ಅಂತ ಬಹಳ ಜನ ನಂಬಿದ್ದಾರೆ. ಮೈನಸ್ 18 ಡಿಗ್ರಿಯಲ್ಲಿ ಸಾಲ್ಮೊನೆಲ್ಲಾ ಬೆಳೆಯುವುದಿಲ್ಲ, ನಿಜ. ಆದರೆ ಪೂರ್ತಿ ಸಾಯುವುದೂ ಇಲ್ಲ. ಕರಗಿ ಬೆಚ್ಚಗಾದ ತಕ್ಷಣ ಮತ್ತೆ ಶುರು. ಭಾರೀ ಒತ್ತಡ ಕೊಟ್ಟು ರೋಗಾಣು ಕೊಲ್ಲುವ ಎಚ್‌ಪಿಪಿ ಅನ್ನುವ ವಿಧಾನ ಒಂದಿದೆ. ನಾನು ತರಿಸಿದ ಪ್ಯಾಕೆಟ್ ಮೇಲೆ ಅದರ ಸುದ್ದಿ ಇರಲಿಲ್ಲ. ಕೊರಿಯರ್ ತಡವಾಗಿ ಬಂದರೆ ಪ್ಯಾಕೆಟ್ ಒತ್ತಿ ನೋಡಿ. ಒಳಗೆ ಇನ್ನೂ ಐಸ್ ಹರಳು ಸಿಕ್ಕಿದರೆ ವಾಪಸ್ ಫ್ರೀಜರ್‌ಗೆ ಇಡಬಹುದು. ಪೂರ್ತಿ ಮೆತ್ತಗಾಗಿ ಬೆಚ್ಚಗಿದ್ದರೆ ಬೇಡ. ಬೆಲೆ? ಕೆಜಿ ಲೆಕ್ಕಕ್ಕೆ ಅಂಗಡಿ ಕೋಳಿಯ ಎರಡು ಪಟ್ಟಿಗಿಂತ ಮೇಲೆ ಬಿತ್ತು.

ಪ್ಲಾಸ್ಟಿಕ್ ಡಬ್ಬಿ: ಗೀರು ಬೀಳುತ್ತದೆ, ವಾಸನೆ ಬಿಡುವುದಿಲ್ಲ. ಮುಂದಕ್ಕೆ ಹೋಗೋಣ.

ಸ್ಟೀಲ್ ಡಬ್ಬಿಯ ಕೆಲಸ ಭಾನುವಾರದ್ದು. ಅಂಗಡಿಯಲ್ಲೇ ಸಣ್ಣ ತುಂಡು ಮಾಡಿಸುತ್ತೇನೆ. ಕತ್ತು, ಒಂದಿಷ್ಟು ಗುಂಡಿಗೆ, ಸ್ವಲ್ಪವೇ ಲಿವರ್ ಬೇರೆ ಕವರ್‌ನಲ್ಲಿ. ಕವರ್‌ಗಳನ್ನು ಮುಚ್ಚಳವಿರುವ ಸ್ಟೀಲ್ ಪಾತ್ರೆಯಲ್ಲಿ ಇಟ್ಟುಕೊಂಡು ಸೀದಾ ಮನೆಗೆ. ಯುಟಿಲಿಟಿಯಲ್ಲಿ ಡಬ್ಬಿಗಳೆಲ್ಲ ಮುಚ್ಚಳ ತೆಗೆದು ಸಾಲಾಗಿ ಕಾಯುತ್ತಿರುತ್ತವೆ. ಕೈಗೆ ಗ್ಲೌಸ್ ಹಾಕಿ ಒಂದೇ ಬೀಸಿಗೆ ತುಂಬಿಬಿಡುತ್ತೇನೆ. ಗ್ಲೌಸ್ ತೆಗೆದು ಕಸಕ್ಕೆ, ಸೋಪು ಹಚ್ಚಿ 20 ಸೆಕೆಂಡ್ ಕೈ ಉಜ್ಜುವುದು, ಆಮೇಲೆ ಮುಚ್ಚಳ. ವಾರದಲ್ಲಿ ಹಸಿ ಮಾಂಸ ನನ್ನ ಕೈಗೆ ಸಿಗುವುದು ಅವತ್ತು ಮಾತ್ರ.

ಮಿಕ್ಕ ದಿನ ಏನೂ ಇಲ್ಲ. ರಾತ್ರಿ ಮರುದಿನದ ಡಬ್ಬಿಗಳನ್ನು ಫ್ರೀಜರ್‌ನಿಂದ ತೆಗೆದು ಫ್ರಿಜ್ಜಿನ ಕೆಳಗಿನ ಶೆಲ್ಫಿನಲ್ಲಿ, ಮುಚ್ಚಳ ಸಮೇತ ಇಡುತ್ತೇನೆ. ಕಟ್ಟೆ ಮೇಲೆ ಇಟ್ಟು ಕರಗಿಸುವುದಿಲ್ಲ. ಕಟ್ಟೆ ಮೇಲೆ ನಡುಭಾಗ ಐಸ್ ಆಗಿರುವಾಗಲೇ ಹೊರಭಾಗ ಬೆಚ್ಚಗಾಗಿರುತ್ತದೆ. ಬಿಟ್ಟ ನೀರು ಡಬ್ಬಿಯೊಳಗೇ ಇರುತ್ತದೆ, ಸೋರುವ ಮಾತಿಲ್ಲ. ಬೆಳಗ್ಗೆ ಡಬ್ಬಿಯನ್ನು ಬಟ್ಟಲಿಗೆ ಬೋರಲು ಹಾಕಿದರೆ ಆಯಿತು. ಕತ್ತರಿ ಬೇಡ, ಚಮಚ ಬೇಡ. ಕೆಂಚಿ ಅರ್ಧ ಗಂಟೆಯಲ್ಲಿ ತಿನ್ನದೆ ಬಿಟ್ಟದ್ದು ಕಸಕ್ಕೆ. ಖಾಲಿ ಡಬ್ಬಿ, ಬಟ್ಟಲು ಎರಡನ್ನೂ ಹಿಂದಿನ ಸಿಂಕಿನಲ್ಲೇ, ಬೇರೆ ಸ್ಕ್ರಬ್ಬರ್‌ನಲ್ಲಿ ಸೋಪು ಹಾಕಿ ತೊಳೆಯುವುದು. ಶನಿವಾರ ಎಲ್ಲವನ್ನೂ ದೊಡ್ಡ ಪಾತ್ರೆಯಲ್ಲಿ ಹಾಕಿ ಕುದಿಸಿಬಿಡುತ್ತೇನೆ. ಪ್ಲಾಸ್ಟಿಕ್‌ಗೆ ಹೀಗೆ ಮಾಡಲು ಆಗುತ್ತದಾ?

ದೋಷ ಇಲ್ಲ ಅಂತಲ್ಲ. ಮುಚ್ಚಳ ಕಚ್ಚಿಕೊಳ್ಳುತ್ತದೆ. ಅಂಚಿನಲ್ಲಿ ನೀರು ಹೆಪ್ಪುಗಟ್ಟಿ, ಎಳೆದರೂ ಬರುವುದಿಲ್ಲ. ಡಬ್ಬಿಯನ್ನು ಮುಕ್ಕಾಲು ಮಾತ್ರ ತುಂಬಿ, ಅಂಚು ಒರೆಸಿ ಮುಚ್ಚಿದರೆ ಈ ಕಾಟ ಕಮ್ಮಿ. ರಾತ್ರಿಯೇ ಕೆಳಗೆ ಇಟ್ಟಿದ್ದರೆ ಬೆಳಗ್ಗೆ ತಾನಾಗಿ ಬಿಡುತ್ತದೆ. ರಾತ್ರಿ ಮರೆತ ದಿನ ಮಾತ್ರ ಫಜೀತಿ. ಮೈಕ್ರೋವೇವ್‌ಗೆ ಸ್ಟೀಲ್ ಇಡುವಂತಿಲ್ಲ. ಅಂಥ ದಿನ ಕೆಂಚಿಗೆ ಮೊಟ್ಟೆ, ಅನ್ನ.

ಕರೆಂಟ್ ಹೋದಾಗ ಡಬ್ಬಿಯೇ ವಾಸಿ. ತುಂಬಿದ ಫ್ರೀಜರ್ ಬಾಗಿಲು ತೆಗೆಯದಿದ್ದರೆ ಸುಮಾರು 48 ಗಂಟೆ ತಂಪು ಹಿಡಿಯುತ್ತದೆ, ಅರ್ಧ ತುಂಬಿದ್ದರೆ 24. ಕೆಳಗಿನ ಫ್ರಿಜ್ ಭಾಗಕ್ಕೆ ಬರೀ 4 ಗಂಟೆ. ಡಬ್ಬಿಗಳು ಒತ್ತಾಗಿ ಜೋಡಿಸಿಕೊಳ್ಳುತ್ತವೆ, ಪ್ಯಾಕೆಟ್‌ಗಳ ಹಾಗೆ ಜಾರುವುದಿಲ್ಲ.

ಹಳೇ ಫ್ರಿಜ್ ಇಲ್ಲದವರಿಗೆ, ವಾರಕ್ಕೊಂದು ಭಾನುವಾರವೂ ಬಿಡುವಿಲ್ಲದವರಿಗೆ ಪ್ಯಾಕೆಟ್ ಸರಿಹೋಗಬಹುದು. 500 ಗ್ರಾಂ ಒಂದೇ ಹೊತ್ತಿಗೆ ತಿಂದು ಮುಗಿಸುವ ದೊಡ್ಡ ನಾಯಿ ಇದ್ದರಂತೂ ನನ್ನ ತಕರಾರು ಅರ್ಧ ಬಿದ್ದುಹೋಯಿತು. ನಮ್ಮ ಖರ್ಚಿಗೆ, ನಮ್ಮ ಕತ್ತರಿಗೆ ಡಬ್ಬಿಯೇ ಸರಿ. ಕೊಳ್ಳುವಾಗ ಒತ್ತಿ ಕೂರಿಸುವ ಸಾದಾ ಮುಚ್ಚಳದ್ದೇ ತಗೊಳ್ಳಿ. ಕ್ಲಿಪ್, ರಬ್ಬರ್ ರಿಂಗ್ ಇರುವವು ನೋಡಲು ಚೆಂದ, ಆದರೆ ರಿಂಗ್ ಕೆಳಗಿನ ಸಂದಿಯಲ್ಲಿ ಮಾಂಸದ ನೀರು ಕೂರುತ್ತದೆ. ಪ್ರತಿಸಲ ರಿಂಗ್ ಕಿತ್ತು ತೊಳೆಯಬೇಕು. ನಾನು ಸಂತೇಪೇಟೆಯಲ್ಲಿ ತೂಕದ ಲೆಕ್ಕಕ್ಕೆ ತಂದೆ.

ನಾದಿನಿ ಕೂಸನ್ನು ಕರೆದುಕೊಂಡು ಬಂದಾಗ ಮಾತ್ರ ಹಸಿ ಪೂರ್ತಿ ಬಂದ್. 5 ವರ್ಷದೊಳಗಿನ ಮಕ್ಕಳು, ಬಸುರಿಯರು, ವಯಸ್ಸಾದವರಿಗೆ ಈ ಸೋಂಕು ಜೋರಾಗಿ ಬಡಿಯುತ್ತದೆ. ಅಂಬೆಗಾಲಿಡುವ ಮಗು ಕೆಂಚಿಯ ಬಟ್ಟಲಿಗೇ ಮೊದಲು ಹೋಗುವುದು. ಆಗ ಡಬ್ಬಿಯದ್ದನ್ನೇ ಬೇಯಿಸಿ ಹಾಕುತ್ತೇನೆ. ಬೆಂದ ಮೂಳೆ ಚೂಪಾಗಿ ಸೀಳಿಕೊಂಡು ಗಂಟಲು, ಕರುಳಿಗೆ ಚುಚ್ಚುತ್ತದೆ. ಅದಕ್ಕೆ ಭಾನುವಾರ ತುಂಬುವಾಗಲೇ ಕೆಲವು ಡಬ್ಬಿಗೆ ಮೂಳೆ ಇಲ್ಲದ ತುಂಡು ಮಾತ್ರ ಹಾಕಿ, ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿಡುತ್ತೇನೆ.