ಕುನಿತ್ಸು-ಗಾಮಿ: ಹಗಲಿನಲ್ಲೇ ಗೆಲ್ಲಬೇಕಾದ ಇರುಳಿನ ಕಾಳಗ

ಕ್ಯಾಪ್‌ಕಾಮ್ ಸಂಸ್ಥೆ 2024ರ ಜುಲೈ 19ರಂದು ಹೊರತಂದ ‘ಕುನಿತ್ಸು-ಗಾಮಿ: ಪಾತ್ ಆಫ್ ದಿ ಗಾಡೆಸ್’ ಎಂಬ ವಿಡಿಯೋ ಗೇಮನ್ನು ಬರಿಯ ಕತ್ತಿವರಸೆಯ ಆಟವೆಂದು ತಿಳಿದು ಕೈಗೆತ್ತಿಕೊಂಡವರು ಮೊದಲ ಕೆಲವು ಹಂತಗಳನ್ನು ಸಲೀಸಾಗಿ ದಾಟುತ್ತಾರೆ, ಆಮೇಲೆ ಏಕೆ ಸೋಲುತ್ತಿದ್ದೇವೆಂದು ತಿಳಿಯದೆ ತಬ್ಬಿಬ್ಬಾಗುತ್ತಾರೆ. ನಾಯಕನ ಕೈ ಎಷ್ಟೇ ಚುರುಕಾಗಿದ್ದರೂ ಅವನು ಒಬ್ಬನೇ. ಪಿಶಾಚಿಗಳಾದರೋ ಒಂದಕ್ಕಿಂತ ಹೆಚ್ಚು ದಿಕ್ಕುಗಳಿಂದ ನುಗ್ಗುತ್ತವೆ. ಕತ್ತಲಾಗುವ ಮೊದಲು ಯಾರನ್ನು ಎಲ್ಲಿ ನಿಲ್ಲಿಸಿದ್ದೇವೆ ಎಂಬುದರ ಮೇಲೆ ಇಲ್ಲಿನ ಸೋಲು-ಗೆಲುವು ನಿಂತಿದೆ. ಹೊಸಬರು ಇದೊಂದನ್ನು ಮನಗಂಡರೆ ಆಟದ ಅರ್ಧ ಕಷ್ಟ ಕಳೆದಂತೆ.

ಕಥೆ ಸರಳ. ಕಾಫುಕು ಎಂಬ ಪವಿತ್ರ ಪರ್ವತವನ್ನು ಕಲ್ಮಷ ಆವರಿಸಿದೆ. ಅದನ್ನು ಶುದ್ಧಿಗೊಳಿಸಬಲ್ಲ ಯೋಶಿರೋ ಎಂಬ ಅರ್ಚಕಿಯನ್ನು ಸೋ ಎಂಬ ಕಾವಲುಗಾರ ಬೆಟ್ಟದ ತುದಿಯಿಂದ ಹಳ್ಳಿ ಹಳ್ಳಿಯಾಗಿ ಕೆಳಗಿಳಿಸಿಕೊಂಡು ಬರಬೇಕು. ಹಗಲಿನಲ್ಲಿ ಸೋ ಹಳ್ಳಿಯಲ್ಲಿ ಅಂಟಿಕೊಂಡ ಕಲ್ಮಷವನ್ನು ತೊಳೆದು, ಅದರೊಳಗೆ ಸಿಕ್ಕಿಬಿದ್ದ ಗ್ರಾಮಸ್ಥರನ್ನು ಬಿಡಿಸಿ, ಸ್ಫಟಿಕಗಳನ್ನು ಕೂಡಿಹಾಕುತ್ತಾನೆ. ಆ ಸ್ಫಟಿಕಗಳನ್ನು ವ್ಯಯಿಸಿ ಅವನು ನೆಲದ ಮೇಲೆ ಕೊರೆದ ದಾರಿಯಲ್ಲಿ ಮಾತ್ರ ಯೋಶಿರೋ ನರ್ತಿಸುತ್ತ, ನಿಧಾನವಾಗಿ, ಕಲ್ಮಷಗೊಂಡ ‘ತೋರಿ’ ಎಂಬ ಜಪಾನಿ ದೇಗುಲದ ಮಹಾದ್ವಾರದ ಕಡೆಗೆ ಸಾಗುತ್ತಾಳೆ. ಕತ್ತಲಾದೊಡನೆ ಅವಳು ಇದ್ದಲ್ಲೇ ನಿಲ್ಲುತ್ತಾಳೆ, ದ್ವಾರದಿಂದ ‘ಸೀದ್’ ಎಂಬ ಪಿಶಾಚಿಗಳು ಹೊರಬೀಳುತ್ತವೆ, ಬೆಳಗಾಗುವವರೆಗೆ ಅವಳನ್ನು ಉಳಿಸಿಕೊಳ್ಳಬೇಕು. ಸೋ ನೆಲಕ್ಕುರುಳಿದರೆ ಆಟ ಮುಗಿಯುವುದಿಲ್ಲ; ಅವನು ಕೆಲಹೊತ್ತು ಆತ್ಮರೂಪದಲ್ಲಿ ಅಲೆಯುತ್ತ ಗ್ರಾಮಸ್ಥರಿಗೆ ಆಜ್ಞೆ ಕೊಡುತ್ತಲೇ ಇರಬಹುದು. ಯೋಶಿರೋ ಬಿದ್ದರೆ ಮಾತ್ರ ಎಲ್ಲವೂ ಮುಗಿಯಿತು.

ಸ್ಫಟಿಕ ಒಂದೇ, ಅದಕ್ಕೆ ಕೈಚಾಚುವ ಕೆಲಸಗಳು ಎರಡು. ದಾರಿ ಕೊರೆಯಲೂ ಅದೇ ಬೇಕು, ಗ್ರಾಮಸ್ಥರಿಗೆ ಮುಖವಾಡ ತೊಡಿಸಿ ಪಾತ್ರ ವಹಿಸಲೂ ಅದೇ ಬೇಕು. ಹೊಸ ಆಟಗಾರರ ಆಸೆಯೆಲ್ಲ ಇದ್ದಷ್ಟೂ ಸ್ಫಟಿಕವನ್ನು ದಾರಿಗೆ ಸುರಿದು ಬೇಗ ದ್ವಾರ ಮುಟ್ಟಿಬಿಡುವುದರ ಮೇಲಿರುತ್ತದೆ. ಇದರ ಫಲವಾಗಿ ಸಂಜೆಯ ಹೊತ್ತಿಗೆ ಯೋಶಿರೋ ನಾಲ್ಕು ಹಾದಿಗಳು ಕೂಡುವ ಬಯಲಿನ ನಡುವೆ, ಪಾತ್ರವೇ ಇಲ್ಲದ ಬರಿಗೈ ಹಳ್ಳಿಗರೊಂದಿಗೆ ನಿಂತಿರುತ್ತಾಳೆ. ದಾರಿಯನ್ನು ತುಂಡು ತುಂಡಾಗಿ ಕೊರೆಯುವುದು ಜಾಣತನ. ಹೊತ್ತು ಇಳಿಯುತ್ತಿರುವಾಗ ಮುಂದಿನ ತುಂಡು ಅವಳನ್ನು ಎಲ್ಲಿ ನಿಲ್ಲಿಸುತ್ತದೆಂದು ಮೊದಲೇ ಲೆಕ್ಕ ಹಾಕಬೇಕು; ಬೆನ್ನಿಗೆ ಗೋಡೆಯೋ ಬಂಡೆಯೋ ಇದ್ದು, ಎದುರಿಗೆ ಒಂದೇ ಇಕ್ಕಟ್ಟಾದ ಹಾದಿಯಿರುವ ಜಾಗ ಸಿಕ್ಕಿದರೆ ಹಗಲು ಇನ್ನೂ ಸ್ವಲ್ಪ ಉಳಿದಿದ್ದರೂ ಅಲ್ಲಿಯೇ ತಡೆಯುವುದು ಲೇಸು. ಒಂದು ದಿನ ತಡವಾದರೆ ನಷ್ಟವೇನೂ ಇಲ್ಲ, ಮರುದಿನದ ಹಗಲು ಇದ್ದೇ ಇದೆ.

ಪಾತ್ರಗಳ ಹಂಚಿಕೆ ಈ ಆಟದ ಅತ್ಯಂತ ಸೊಗಸಾದ ಭಾಗ. ಮುಖವಾಡ ಧರಿಸಿದೊಡನೆ ಸಾಮಾನ್ಯ ಹಳ್ಳಿಗನು ಬಿಲ್ಲುಗಾರನೋ ಮಲ್ಲನೋ ಆಗಿಬಿಡುವ ಈ ಕ್ರಮ, ವೇಷ ಕಟ್ಟಿದ ಮೇಲೆ ಮನುಷ್ಯನೇ ಬೇರೆಯಾಗುತ್ತಾನೆಂದು ಬಲ್ಲ ನಮ್ಮ ಕರಾವಳಿಯ ಓದುಗರಿಗೆ ಅಪರಿಚಿತವೆನಿಸಲಾರದು. ಆರಂಭದಲ್ಲಿ ಮರಕಡಿಯುವವನು ಮತ್ತು ಬಿಲ್ಲುಗಾರ ಇಬ್ಬರೇ ಸಾಕೆನಿಸುತ್ತದೆ. ಮರಕಡಿಯುವವರನ್ನು ಹಾದಿಯ ಬಾಯಿಗೂ ಬಿಲ್ಲುಗಾರರನ್ನು ಅವರ ಹಿಂದೆ, ಸಾಧ್ಯವಾದರೆ ಎತ್ತರದಲ್ಲೂ ನಿಲ್ಲಿಸುವುದು ವಾಡಿಕೆ. ಹಾರುವ ಪಿಶಾಚಿಗಳು ಬಂದಾಗ ಬಿಲ್ಲುಗಾರರಿಲ್ಲದೆ ಗತಿಯಿಲ್ಲ. ಶತ್ರುಗಳ ವೇಗ ತಗ್ಗಿಸುವ ತಪಸ್ವಿಯನ್ನು ಅವನು ತಾನಾಗಿ ಯಾರನ್ನೂ ಕೊಲ್ಲುವುದಿಲ್ಲವೆಂಬ ಕಾರಣಕ್ಕೆ ಹಲವರು ಕಡೆಗಣಿಸುತ್ತಾರೆ. ನನ್ನ ಎಣಿಕೆಯಲ್ಲಿ ಇಕ್ಕಟ್ಟಾದ ಹಾದಿಯಲ್ಲಿ ಒಬ್ಬ ತಪಸ್ವಿಯು ಇಬ್ಬರು ಮರಕಡಿಯುವವರಿಗಿಂತ ಹೆಚ್ಚು ಬೆಲೆಯುಳ್ಳವನು. ಸುಮೋ ಮಲ್ಲ ಶತ್ರುಗಳನ್ನು ತನ್ನತ್ತ ಸೆಳೆದು ಏಟುಗಳನ್ನು ಮೈಮೇಲೆ ಹಾಕಿಕೊಳ್ಳುವುದರಿಂದ ಅವನ ಹತ್ತಿರ ಗಾಯ ಮಾಯಿಸುವ ಮಾಂತ್ರಿಕ ಇರಬೇಕು. ಅಡಗಿಸಿಟ್ಟ ಸೊತ್ತನ್ನು ಅಗೆದು ತರುವ ಕಳ್ಳನಿಗೆ ಹಗಲಿನಲ್ಲೇ ಕೆಲಸ.

ಗ್ರಾಮಸ್ಥರು ಸ್ವಂತ ಬುದ್ಧಿಯಿಂದ ಜಾಗ ಬದಲಿಸುವವರಲ್ಲ, ನಿಲ್ಲಿಸಿದ ಆಸುಪಾಸಿನಲ್ಲೇ ಕಾದಾಡುತ್ತಾರೆ. ಆದರೆ ಆಜ್ಞೆ ಕೊಡುವ ನೋಟವನ್ನು ತೆರೆದಾಗ ಕಾಳಗ ತಡೆದು ನಿಲ್ಲುವುದರಿಂದ, ಒಂದು ಕಡೆಯ ಒತ್ತಡ ಮುಗಿದೊಡನೆ ಅಲ್ಲಿನವರನ್ನು ಇನ್ನೊಂದು ಕಡೆಗೆ ಕಳುಹಿಸಲು ಸಾಕಷ್ಟು ಬಿಡುವಿದೆ. ಇದನ್ನು ಬಳಸಲು ಸಂಕೋಚಪಡಬಾರದು. ಸಾಲದ್ದಕ್ಕೆ ಬಡಗಿಯೂ ಇದ್ದಾನೆ: ಹಳ್ಳಿಯಲ್ಲಿ ಮುರಿದುಬಿದ್ದ ಯಂತ್ರೋಪಕರಣಗಳನ್ನು ಹಗಲಿನಲ್ಲಿ ಅವನಿಂದ ದುರಸ್ತಿ ಮಾಡಿಸಿಟ್ಟರೆ ಇರುಳಿನಲ್ಲಿ ಅವು ಕೈಗೆ ಬರುತ್ತವೆ. ಅವನಿಗೆ ಸಮಯ ಹಿಡಿಯುವುದರಿಂದ ಬೆಳಗಾದೊಡನೆ ಮೊದಲು ಅವನನ್ನು ಕೆಲಸಕ್ಕೆ ಹಚ್ಚಿ, ಆಮೇಲೆ ಉಳಿದದ್ದನ್ನು ನೋಡಿಕೊಳ್ಳಬೇಕು.

ಶುದ್ಧಿಗೊಂಡ ಹಳ್ಳಿಗಳು ನೆಲೆಗಳಾಗುತ್ತವೆ. ಅಲ್ಲಿನ ಪಾಳುಬಿದ್ದ ಕಟ್ಟಡಗಳ ಜೀರ್ಣೋದ್ಧಾರಕ್ಕೆ ಗ್ರಾಮಸ್ಥರನ್ನು ನೇಮಿಸಿ ಮುಂದಿನ ಹಂತವನ್ನು ಆಡಿ ಬಂದರೆ ಕೆಲಸ ಮುಂದುವರಿದಿರುತ್ತದೆ, ಪ್ರತಿಫಲವೂ ಕಾದಿರುತ್ತದೆ. ಮುಖ್ಯ ಪ್ರತಿಫಲವೆಂದರೆ ಸೋನ ಕೌಶಲವನ್ನೂ ಪಾತ್ರಗಳ ಬಲವನ್ನೂ ಹೆಚ್ಚಿಸಲು ಬೇಕಾದ ಮುಸುಬಿ. ಒಮ್ಮೆ ಹಾಕಿದ ಮುಸುಬಿಯನ್ನು ಯಾವ ದಂಡವೂ ಇಲ್ಲದೆ ಹಿಂಪಡೆದು ಬೇರೆಡೆಗೆ ಹಾಕಬಹುದು ಎಂಬುದು ಈ ಆಟದ ದೊಡ್ಡ ಔದಾರ್ಯ. ಆದ್ದರಿಂದ ಅದನ್ನು ಕೂಡಿಟ್ಟುಕೊಂಡು ಯೋಚಿಸುತ್ತ ಕೂರುವುದರಲ್ಲಿ ಅರ್ಥವಿಲ್ಲ. ಮುಂದಿನ ಹಂತಕ್ಕೆ ಯಾವ ಪಾತ್ರ ಬೇಕೋ ಅದರ ಮೇಲೆ ಸುರಿಯಬೇಕು, ಸೋತರೆ ಹಿಂಪಡೆದು ಇನ್ನೊಂದನ್ನು ಪ್ರಯತ್ನಿಸಬೇಕು. ಕತ್ತಿಗೆ ಜೋಡಿಸುವ ತ್ಸುಬಾಗಳು, ಅಂದರೆ ಹಿಡಿಯ ಮೇಲಿನ ಕೈಗಾಪುಗಳು, ಒಂದೊಂದು ವಿಶೇಷ ಪ್ರಹಾರವನ್ನು ಕೊಡುತ್ತವೆ. ಮೊದಲು ಸಿಕ್ಕಿದ್ದಕ್ಕೇ ಅಂಟಿಕೊಳ್ಳದಿದ್ದರಾಯಿತು.

ಕೊರತೆಗಳಿಲ್ಲವೆಂದಲ್ಲ. ಇಕ್ಕಟ್ಟಾದ ಓಣಿಗಳಲ್ಲಿ ಕ್ಯಾಮೆರಾ ದಾರಿ ತಪ್ಪಿಸುತ್ತದೆ. ಪ್ರತಿ ಗೆಲುವಿನ ನಂತರವೂ ನೆಲೆಗಳಿಗೆ ಮರಳಿ, ಪ್ರತಿಫಲ ಸಂಗ್ರಹಿಸಿ, ಜನರನ್ನು ಮರುನೇಮಕ ಮಾಡುವ ಸುತ್ತಾಟ ಉತ್ತರಾರ್ಧದಲ್ಲಿ ಬೇಸರ ತರಿಸುತ್ತದೆ. ಪರದೆಯ ಮೇಲಿನ ಬರಹ ಕನ್ನಡದಲ್ಲಿಲ್ಲವಾದರೂ, ಸೋ ಮತ್ತು ಯೋಶಿರೋ ಇಬ್ಬರೂ ಮಾತನಾಡದೆ ಕಥೆಯನ್ನು ನೃತ್ಯ, ಸಂಗೀತ, ಚಿತ್ರಗಳೇ ಹೇಳುವುದರಿಂದ ಅದು ಅಷ್ಟಾಗಿ ಬಾಧಿಸುವುದಿಲ್ಲ. ಮಹಾಪಿಶಾಚಿಗಳೊಂದಿಗಿನ ಕಾಳಗಗಳಂತೂ ಒಂದರಂತೆ ಒಂದಿಲ್ಲ, ಹಿಂದಿನ ಕಾಳಗದಲ್ಲಿ ಗೆಲ್ಲಿಸಿದ ಪಾತ್ರಹಂಚಿಕೆ ಮುಂದಿನದರಲ್ಲಿ ಕೈಕೊಡಬಹುದು. ದೋಣಿಯ ಮೇಲೆ ನಡೆಯುವ ಹಂತವೂ ಹೀಗೆಯೇ ಆಟಗಾರನ ರೂಢಿಯನ್ನು ಬೇಕೆಂದೇ ಮುರಿಯುತ್ತದೆ. ಈ ಬಗೆಯ ಏರಿಳಿತವೇ ಪುನರಾವರ್ತನೆಯ ಬೇಸರವನ್ನು ಬಹುಮಟ್ಟಿಗೆ ಸರಿದೂಗಿಸಿದೆ ಎಂಬುದು ನನ್ನ ಅಭಿಪ್ರಾಯ.

ಪ್ಲೇಸ್ಟೇಷನ್ 4 ಮತ್ತು 5, ಎಕ್ಸ್‌ಬಾಕ್ಸ್, ವಿಂಡೋಸ್ ಕಂಪ್ಯೂಟರ್‌ಗಳಿಗೆ ಮೊದಲು ಬಂದ ಈ ಆಟ 2025ರ ಜೂನ್ 5ರಂದು ನಿಂಟೆಂಡೋ ಸ್ವಿಚ್ 2ಕ್ಕೂ ಬಂದಿತು. ಅಮೆರಿಕದಲ್ಲಿ ಬಿಡುಗಡೆಯ ಹೊತ್ತಿನ ಬೆಲೆ 49.99 ಡಾಲರ್ ಇತ್ತು. ದೊಡ್ಡ ಆಟಗಳ 70 ಡಾಲರ್‌ಗೆ ಹೋಲಿಸಿದರೆ ಇದು ನ್ಯಾಯವಾದದ್ದೇ. ಕತ್ತಿಯಾಟವೊಂದನ್ನೇ ಬಯಸುವವರಿಗೆ ಇದನ್ನು ಕೊಳ್ಳಿರೆಂದು ನಾನು ಹೇಳಲಾರೆ. ಯೋಚಿಸಿ ಆಡುವ ವ್ಯವಧಾನವಿರುವವರು ಉಚಿತ ಡೆಮೊದಿಂದ ತೊಡಗಬಹುದು. ಅದರಲ್ಲಿ ಹಗಲು-ಇರುಳಿನ ಒಂದು ಸುತ್ತನ್ನು ಆಡಿ ನೋಡಿದರೆ, ಪೂರ್ತಿ ಆಟ ತಮಗೆ ಒಗ್ಗುತ್ತದೆಯೇ ಎಂಬುದು ತಿಳಿಯುತ್ತದೆ.