ಲೂಸಿಡ್ ಕನಸಿಗೆ ಫಿಟ್‌ನೆಸ್ ಬ್ಯಾಂಡ್: ಎಬ್ಬಿಸಲು ಸೈ, ಅಳೆಯಲು ಅಷ್ಟಕ್ಕಷ್ಟೇ

ಕನಸಿನೊಳಗಿದ್ದಾಗಲೇ 'ಇದು ಕನಸು' ಎಂದು ಗೊತ್ತಾಗುವುದು ಲೂಸಿಡ್ ಡ್ರೀಮ್. 1990ರ ದಶಕದಲ್ಲಿ ಬಂದ ನೋವಾಡ್ರೀಮರ್‌ನಂಥ ಕಣ್ಪಟ್ಟಿಗಳು ಕಣ್ಣಾಲಿಯ ಚಲನೆ ಗುರುತಿಸಿ, 'ಇದು ಕನಸು' ಎಂದು ಸೂಚಿಸಲು ಕೆಂಪು ದೀಪ ಮಿನುಗಿಸುತ್ತಿದ್ದವು. ಮಾಮೂಲಿ ಫಿಟ್‌ನೆಸ್ ಬ್ಯಾಂಡಿನಿಂದ ಅದಾಗದು. ಆದರೆ ನಸುಕಿನಲ್ಲಿ ಒಮ್ಮೆ ಎಚ್ಚರಗೊಂಡು, ಬಿಟ್ಟುಬಂದ ಕನಸಿಗೇ ವಾಪಸು ಜಾರುವ ವಿಧಾನಕ್ಕೆ (ಡೀಲ್ಡ್ ಎನ್ನುತ್ತಾರೆ) ಇದಕ್ಕಿಂತ ಅಗ್ಗದ ಸಾಧನ ಬೇಕಿಲ್ಲ. ಷರತ್ತು ಒಂದೇ: ಎಬ್ಬಿಸಲು ಬ್ಯಾಂಡ್ ಕೊಡುವ ಕಂಪನ ತಾನಾಗಿಯೇ ನಿಲ್ಲಬೇಕು.

ಬಹುತೇಕ ಬ್ಯಾಂಡ್‌ಗಳು ಎಡವುವುದು ಇಲ್ಲೇ. ಅಲಾರಂ ಇಟ್ಟರೆ, ಒತ್ತಿ ನಿಲ್ಲಿಸದಿದ್ದಲ್ಲಿ ಬಹಳ ಹೊತ್ತು ನಡುಗುತ್ತಲೇ ಇರುತ್ತವೆ. ನಿಲ್ಲಿಸಲು ಕೈ ಎತ್ತಿದಿರೋ, ಕನಸು ಹೋಯಿತು. ಅದಕ್ಕೇ ಅಲಾರಂ ಬೇಡ. ಫೋನಿನ ಕ್ಯಾಲೆಂಡರ್‌ನಲ್ಲಿ ರಿಮೈಂಡರ್ ಹಾಕಿ, ಬ್ಯಾಂಡಿಗೆ ಕ್ಯಾಲೆಂಡರ್ ನೋಟಿಫಿಕೇಶನ್ ಮಾತ್ರ ಬರುವಂತೆ ಮಾಡಿ, ಫೋನನ್ನು ಸೈಲೆಂಟ್‌ನಲ್ಲಿಡಿ. ಒಂದೆರಡು ಸಲ ನಡುಗಿ ಸುಮ್ಮನಾಗುತ್ತದೆ. ಬ್ಯಾಂಡಿನ ಸ್ಲೀಪ್ ಮೋಡ್ ನೋಟಿಫಿಕೇಶನ್ ತಡೆಯುತ್ತದೆ, ಆಫ್ ಮಾಡಿ. ಆಂಡ್ರಾಯ್ಡ್‌ನ ಬ್ಯಾಟರಿ ಉಳಿತಾಯವೂ ಬ್ಯಾಂಡಿನ ಆ್ಯಪ್ ಅನ್ನು ರಾತ್ರಿ ಮುಚ್ಚಿಬಿಡಬಹುದು. ಅದಕ್ಕೆ ವಿನಾಯಿತಿ ಕೊಡಿ. ಹಗಲಲ್ಲೇ ಒಮ್ಮೆ ಪರೀಕ್ಷಿಸಿ.

ನಿದ್ದೆಯ ಒಂದು ಸುತ್ತು ಸುಮಾರು 90 ನಿಮಿಷ. ಕನಸು ತುಂಬಿದ ರೆಮ್ ಹಂತ ಬೆಳಗಾಗುತ್ತ ಉದ್ದವಾಗುತ್ತದೆ. 11ಕ್ಕೆ ಮಲಗುವವರು 4, 4:25, 4:50ಕ್ಕೆ ಮೂರು ರಿಮೈಂಡರ್ ಇಟ್ಟರೆ ಒಂದಾದರೂ ಕನಸಿನ ನಡುವೆ ಬೀಳುವ ಸಾಧ್ಯತೆ ಹೆಚ್ಚು. ಬ್ಯಾಂಡಿನ ರೆಮ್ ಗ್ರಾಫ್ ನಂಬಿ ಸಮಯ ಗೊತ್ತುಮಾಡಬೇಡಿ. ಅದು ನಾಡಿಬಡಿತ, ಕೈಯ ಅಲುಗಾಟ ನೋಡಿ ಮಾಡಿದ ಊಹೆ.

ಕಂಪನ ಗೊತ್ತಾದೊಡನೆ ಕಣ್ಣು ತೆರೆಯಬೇಡಿ, ಮಗ್ಗಲು ಬದಲಿಸಬೇಡಿ. ಆಗಷ್ಟೇ ಕಂಡ ದೃಶ್ಯಕ್ಕೆ ಹಿಂತಿರುಗಿ, ಬರೀ ನೋಡುವುದಲ್ಲ, ಮನಸ್ಸಿನಲ್ಲೇ ಅಲ್ಲಿನ ಗೋಡೆಯ ಮೇಲೆ ಕೈಯಾಡಿಸಿ, ಕಾಲಡಿಯ ನೆಲ ತಣ್ಣಗಿದೆಯೇ ಎಂದು ನೋಡಿ. ದೃಶ್ಯ ಗಟ್ಟಿಯಾದ ಮೇಲೆ, ಅಲ್ಲಿಯೇ ಮೂಗು ಹಿಡಿದು ಉಸಿರೆಳೆಯಿರಿ. ಮುಚ್ಚಿದ ಮೂಗಿನಲ್ಲೂ ಉಸಿರಾಡಿದರೆ ಕನಸಿನೊಳಗಿದ್ದೀರಿ. ಕೆಲವೊಮ್ಮೆ ಮೈ ಮರಗಟ್ಟಿ ಎದೆ ಭಾರವಾಗುತ್ತದೆ. ದೆವ್ವ ಕೂತಿತೆಂದು ಹಿರಿಯರು ಹೇಳುತ್ತಿದ್ದ ಸ್ಲೀಪ್ ಪ್ಯಾರಾಲಿಸಿಸ್ ಇದು. ಸಾಮಾನ್ಯವಾಗಿ ತಾನೇ ಬಿಡುತ್ತದೆ.

ಪೂರ್ತಿ ಎಚ್ಚರವಾಯಿತೇ? ಮುಂದಿನ ಸಲಕ್ಕೆ ಕಂಪನದ ತೀವ್ರತೆ ಇಳಿಸಿ. ಅಂದಿಗೆ ಮೈಲ್ಡ್ ವಿಧಾನ ಹಿಡಿಯಿರಿ: 'ಮುಂದಿನ ಕನಸಲ್ಲಿ ಇದು ಕನಸೆಂದು ನೆನಪಿಸಿಕೊಳ್ಳುತ್ತೇನೆ' ಎಂದು ಹೇಳಿಕೊಳ್ಳುತ್ತ, ಹಾಗೇ ಆದಂತೆ ಕಲ್ಪಿಸುತ್ತ ನಿದ್ದೆಗೆ ಜಾರಿ. ಆಸ್ಟ್ರೇಲಿಯಾದ ಸಂಶೋಧಕ ಡೆನ್‌ಹೋಮ್ ಆಸ್ಪಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಸುಕಿನಲ್ಲಿ ಎಚ್ಚರಗೊಳ್ಳುವುದು ಮತ್ತು ಹಗಲಲ್ಲಿ 'ಇದು ಕನಸೇ?' ಎಂದು ಪರೀಕ್ಷಿಸಿಕೊಳ್ಳುವುದರ ಜೊತೆಗೆ ಇದನ್ನು ಮಾಡಿದಾಗ ಯಶಸ್ಸು ಒಟ್ಟಾರೆ ಶೇ 17ರಷ್ಟಿತ್ತು. ಮೈಲ್ಡ್ ಮುಗಿಸಿ 5 ನಿಮಿಷದೊಳಗೆ ನಿದ್ದೆ ಹೋದವರಲ್ಲಿ ಶೇ 46. ಹಾಗಾಗಿ ಎದ್ದು ಫೋನ್ ತೆರೆಯುವವರಿಗೆ ಬ್ಯಾಂಡಿದ್ದೂ ಲಾಭವಿಲ್ಲ. ಎಚ್ಚರವೇ ಆಗದಿದ್ದರೆ, ಅಥವಾ ಕಂಪನ ಕನಸಿನಲ್ಲೇ ಫೋನ್ ರಿಂಗಾಗಿ ಬೆರೆತುಹೋದರೆ, ಪಟ್ಟಿ ಸ್ವಲ್ಪ ಬಿಗಿ ಮಾಡಿ.

ಕೊಳ್ಳುವಾಗ ಸ್ಕ್ರೀನು, ಸ್ಟೆಪ್ ಎಣಿಕೆ ಬಿಡಿ. ಕಂಪನದ ತೀವ್ರತೆ ಬದಲಿಸಲು ಬರುತ್ತದೆಯೇ, ಕೈ ಅಲುಗಿದಾಗ ಪರದೆ ಬೆಳಗದಂತೆ ಮಾಡಬಹುದೇ, ಆ್ಯಪ್‌ವಾರು ನೋಟಿಫಿಕೇಶನ್ ಆರಿಸಬಹುದೇ, ಇಷ್ಟು ಸಾಕು. ವಾರಕ್ಕೆರಡು ರಾತ್ರಿಗಿಂತ ಹೆಚ್ಚು ಬಳಸಿದರೆ ಹಗಲಿನ ತೂಕಡಿಕೆ ಶುರುವಾಗಬಹುದು. ಮೊದಲೇ ನಿದ್ದೆ ಸರಿಯಿಲ್ಲದವರು ಈ ಗೋಜಿಗೆ ಹೋಗದಿರುವುದೇ ಲೇಸು.